ಚಿಗುರಿದ ಗುಲಾಬಿ ಕಡ್ಡಿಗಳು

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿಗೆ ಬಂದ ಹೊಸತರಲ್ಲಿ ನಾವು ಹೈಡೆಲ್‌ಬರ್ಗ್‌ನಲ್ಲಿ ಬಾಡಿಗೆಗಿದ್ದೆವು. ಕೆಳಗಿನ ಮನೆಯಲ್ಲಿ ಒಬ್ಬರೇ ಅಜ್ಜಿ. ಹಿತ್ತಲಿನ ಗುಲಾಬಿ ಗಿಡ ಅವರ ತೀರಿಹೋದ ಗಂಡ ನೆಟ್ಟದ್ದು. ಮಾಲೀಕ ಅಲ್ಲಿ ಕಾರು ನಿಲ್ಲಿಸಲು ಕಲ್ಲು ಹಾಸಿಸುವವನಿದ್ದ. ಚಳಿಗಾಲ ಮುಗಿಯುವಾಗ ಗಿಡವನ್ನು ಬುಡಸಮೇತ ಎತ್ತಿ ತಮ್ಮ ತಂಗಿಯ ತೋಟಕ್ಕೆ ಸಾಗಿಸಲು ಅಜ್ಜಿ ತೋಟಗಾರನೊಬ್ಬನಿಗೆ ಹೇಳಿಟ್ಟಿದ್ದರು.

“ಅಷ್ಟೆಲ್ಲ ಯಾಕೆ? ನಮ್ಮಲ್ಲಿ ಒಂದು ಕಡ್ಡಿ ನೆಟ್ಟರೆ ಸಾಕು, ಬರುತ್ತೆ,” ಎಂದವನು ನಾನು.

ಮೈಸೂರಿನಲ್ಲಿ ಅಮ್ಮ ಗುಲಾಬಿ ಕಡ್ಡಿ ನೆಟ್ಟು ತುದಿಗೆ ಸಗಣಿ ಮೆತ್ತುತ್ತಿದ್ದರು. ಪಕ್ಕದ ಊರು ವಾಲ್‌ಡಾರ್ಫ್‌ನಲ್ಲಿದ್ದ ನಮ್ಮ ಆಫೀಸಿನ ಗೆಳೆಯ ಸಗಣಿ ತರಲು ನನ್ನನ್ನು ತನ್ನ ಕಾರಿನಲ್ಲಿ ಒಂದು ದನದ ಕೊಟ್ಟಿಗೆಗೆ ಕರೆದೊಯ್ದ.

“ಗುರು, ಗ್ರೀನ್ ಕಾರ್ಡ್ ಕೊಟ್ಟಿದ್ದು ಕೋಡ್ ಬರೆಯೋಕೆ. ನೀನು ಸಗಣಿ ಹೊರ್ತಿದೀಯ. ಡಿಕ್ಕೀಲಿ ಚೆಲ್ಲಿದ್ರೆ ನೀನೇ ತೊಳೀಬೇಕು!”

ಅಜ್ಜಿಯ ಗಿಡದಿಂದ ನಾಲ್ಕು ಕಡ್ಡಿ ಕತ್ತರಿಸಿ, ತುದಿಗೆ ಸಗಣಿ ಮೆತ್ತಿ ಒಂದು ಕುಂಡದಲ್ಲಿ ನೆಟ್ಟೆ. ಚಳಿಗೆ ಸತ್ತಾವೆಂದು ಕುಂಡವನ್ನು ಒಳಗೆ ತಂದು, ಹೀಟರಿನ ಮೇಲಿನ ಕಿಟಕಿ ಕಟ್ಟೆಯಲ್ಲಿಟ್ಟೆ. ಫೆಬ್ರವರಿಯಲ್ಲಿ ನಾಲ್ಕರಲ್ಲೂ ಕೆಂಪು ಚಿಗುರು.

“ರೀ, ಬೇರು ಬಿಟ್ಟಿದ್ಯಾ ನೋಡಿ, ಆಮೇಲೆ ಹೇಳಿ ಅವರಿಗೆ,” ಎಂದಳು ಹೆಂಡತಿ.

“ಚಿಗುರಿದೆಯಲ್ಲೇ, ಇನ್ನೇನು ನೋಡೋದು?”

ಇಳಿದು ಹೋಗಿ ಹೇಳಿದೆ. ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. ಅಂದೇ ಫೋನ್ ಮಾಡಿ ತೋಟಗಾರನಿಗೆ ಬರುವುದು ಬೇಡವೆಂದರು.

ಎರಡು ವಾರದ ನಂತರ ಕೆಲಸದವರು ಗಿಡ ಕಿತ್ತು ಕಸದ ಲಾರಿಗೆ ಹಾಕಿದರು. ಅದಾದ ಕೆಲವೇ ದಿನಕ್ಕೆ ನನ್ನ ಚಿಗುರುಗಳು ಜೋತುಬಿದ್ದವು. ಕಡ್ಡಿ ಎಳೆದೆ. ನಾಲ್ಕೂ ಸಲೀಸಾಗಿ ಕೈಗೆ ಬಂದವು. ಒಂದಕ್ಕೂ ಬೇರಿರಲಿಲ್ಲ. ಕಾಂಡದಲ್ಲಿ ಉಳಿದಿದ್ದ ಸತ್ವವೇ ಹೀಟರಿನ ಬಿಸಿಗೆ ಎಲೆಯಾಗಿ ತೀರಿಹೋಗಿತ್ತು. ನೆಟ್ಟ ಕಡ್ಡಿ ಬೇರಿಲ್ಲದೆಯೂ ಚಿಗುರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೆಲ್ಲಗೆ ಒಮ್ಮೆ ಜಗ್ಗಿ ನೋಡಿದ್ದರೆ ಸಾಕಿತ್ತು.

ಹೇಳಲು ಮೂರು ದಿನ ತಡಮಾಡಿದೆ. ಅಜ್ಜಿ ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದರು. ಸಿಪ್ಪೆಯ ಕೆಳಗೆ ಕಂದು ಬಣ್ಣ. ಬೈಯಲಿಲ್ಲ.

“ಹೋದ ಬೇಸಿಗೆಯಲ್ಲಿ ಅದು ತುಂಬ ಹೂಬಿಟ್ಟಿತ್ತು. ನೀವು ಫೋಟೋ ತೆಗೆದಿದ್ದಿರಾ? ನನ್ನ ಹತ್ತಿರ ಒಂದೂ ಇಲ್ಲ,” ಎಂದರು.

ನಮ್ಮ ಹತ್ತಿರ ಹೊಸ ಡಿಜಿಟಲ್ ಕ್ಯಾಮೆರಾ ಇತ್ತು. ಇದ್ದ ಫೋಟೋಗಳನ್ನೆಲ್ಲ ಹುಡುಕಿದೆವು. ಕೋಟೆ, ಹಳೆ ಸೇತುವೆ, ಮೊದಲ ಹಿಮ, ಕೊಂಡ ದಿನದ ನಮ್ಮ ಕಾರು. ಗುಲಾಬಿ ಎಲ್ಲೂ ಇರಲಿಲ್ಲ.

ಇಲ್ಲವೆಂದು ಹೇಳಲು ನಾನು ಹೋಗಲಿಲ್ಲ. ಹೆಂಡತಿಯನ್ನು ಕಳಿಸಿದೆ.