ಆಯುಧಪೂಜೆಗೆ ತೊಳೆದ ಗಾಲಿಕುರ್ಚಿ

ಆಲ್ದೂರಿನಲ್ಲಿ ನನ್ನದು ಪಂಪು, ಮೋಟರ್ ರಿಪೇರಿ ಅಂಗಡಿ. ಸುತ್ತಲಿನ ಎಸ್ಟೇಟುಗಳ ಔಷಧಿ ಹೊಡೆಯುವ ಪಂಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಎಲ್ಲ ನನ್ನ ಕೈಗೇ ಬರುತ್ತಿದ್ದವು. ಒಂದು ಪಲ್ಪರ್ ಶೆಡ್ಡಿನ ಮಾಡಿನಿಂದ ಬಿದ್ದು ಸೊಂಟದ ಕೆಳಗಿನ ಬಲ ಹೋದ ಮೇಲೂ ಅಂಗಡಿ ಮುಚ್ಚಲಿಲ್ಲ. ಬ್ಯಾಟರಿಯ ಗಾಲಿಕುರ್ಚಿ ತರಿಸಿಕೊಂಡೆ. ಮನೆ ತಗ್ಗಿನಲ್ಲಿದೆ, ಅಂಗಡಿ ಮೇಲೆ ರಸ್ತೆಯ ಮಟ್ಟಕ್ಕೆ. ನಡುವಿನ ಸಿಮೆಂಟಿನ ಇಳಿಜಾರನ್ನು ಯಾರ ಹಂಗೂ ಇಲ್ಲದೆ ಹತ್ತುವುದಷ್ಟೇ ನನಗೆ ಉಳಿದಿದ್ದ ಮರ್ಯಾದೆ.

ಆ ಗಾಡಿಯನ್ನು ಬೇರೆಯವರು ಮುಟ್ಟಿದರೆ ನನಗೆ ಆಗುತ್ತಿರಲಿಲ್ಲ. ಗಾಲಿಯ ಕೆಸರು ಕೆರೆಯುವುದು, ಬ್ಯಾಟರಿಯ ಕಿಲುಬು ಉಜ್ಜುವುದು, ಗ್ರೀಸ್ ಸವರುವುದು ಎಲ್ಲ ನಾನೇ. ಗಾಡಿ ನಡೆಸುವ ಜಾಯ್‌ಸ್ಟಿಕ್ಕಿನ ಬುಡದಲ್ಲಿ, ನೀರು ಇಳಿಯದಂತೆ ಒಂದು ರಬ್ಬರ್ ಕವಚ ಇರುತ್ತದೆ. ಅದು ಹರಿದಿತ್ತು. ಹೊಸದು ತರಿಸುವ ಬದಲು ಟೇಪು ಸುತ್ತಿಟ್ಟಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವನ ಕೆಲಸ ನೋಡಿ.

ಆಯುಧಪೂಜೆಯ ದಿನ ಸ್ಕೂಟರು, ಪಂಪುಗಳನ್ನೆಲ್ಲ ತೊಳೆಯುವಾಗ ನನ್ನ ಗಾಡಿಯನ್ನು ಮಾತ್ರ ಯಾಕೆ ಬಿಡಬೇಕು ಅನಿಸಿತು. ನಾನು ಮಂಚದ ಮೇಲಿದ್ದೆ. ಹೆಂಡತಿ ಒದ್ದೆ ಬಟ್ಟೆ ಹಿಡಿದು ಬಂದಳು.

"ಒರ್ಸೋದಲ್ಲ ಮಾರಾಯ್ತಿ, ಪಂಪ್ ಹಿಡ್ದು ನೀರು ಹೊಡಿ. ಸಂದಿ ಮಣ್ಣೆಲ್ಲ ಹೋಗ್ಲಿ."

"ಕರೆಂಟಿಂದಲ್ವೇನ್ರೀ? ಒಳಗೆ ನೀರು ಹೋದ್ರೆ?"

"ಮೂವತ್ತು ವರ್ಷ ಮೋಟ್ರು ಬಿಚ್ಚಿದೋನಿಗೆ ನೀನು ಹೇಳ್ಕೊಡ್ತೀಯಾ?"

ತೊಳೆದಳು. ಮೂರು ಗೆರೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ನಾನು ಕೂತು ಜಾಯ್‌ಸ್ಟಿಕ್ ಮುಂದೆ ನೂಕಿದೆ. ನಿಂಬೆಹಣ್ಣು ಅಪ್ಪಚ್ಚಿಯಾದವು. ಹತ್ತು ಅಡಿ ಹೋಗಿ, ದೀಪಗಳೆಲ್ಲ ಮಿಟುಕಿ, ಗಾಡಿ ನಿಂತೇ ಹೋಯಿತು.

ಬ್ಯಾಟರಿ ಸರಿ ಇತ್ತು. ಫ್ಯೂಸೂ ಸರಿ ಇತ್ತು. ಪ್ಲಗ್ಗು ಬಿಚ್ಚಿ ಮತ್ತೆ ಹಾಕಿದೆ. ಕೊನೆಗೆ ಜಾಯ್‌ಸ್ಟಿಕ್ಕಿನ ಡಬ್ಬಿ ಬಿಚ್ಚಿದರೆ ಒಳಗಿನಿಂದ ಒಂದು ಚಮಚ ನೀರು ಸುರಿಯಿತು. ಪೂಜೆಗೆ ಬಂದಿದ್ದ ನೆಂಟರ ಎದುರಿಗೇ ಕೂಗಾಡಿದೆ: "ನೀರು ಹೊಡ್ದು ಗಾಡಿ ಹಾಳ್ ಮಾಡಿದ್ಳು ನೋಡಿ!" ಅವಳು ಒಳಗೆ ಹೋಗಿ ಊಟಕ್ಕೆ ಎಲೆ ಹಾಕಿದಳು.

ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟೆ. ಮೂರನೆಯ ದಿನ ಬೆಳಿಗ್ಗೆ ವಸ್ತಾರೆ ಕಡೆಯ ಪ್ಲಾಂಟರೊಬ್ಬರು ಪಂಪು ತಂದು ಅಂಗಡಿಯ ಮುಂದೆ ಹಾರ್ನ್ ಹೊಡೆದರು. ನನಗೆ ತಡೆಯಲಾಗಲಿಲ್ಲ. ಮೋಟರಿನ ಎರಡು ಲಿವರ್ ಕೆಳಗೆ ಒತ್ತಿದರೆ ಗಾಡಿಯನ್ನು ಕೈಯಲ್ಲಿ ತಳ್ಳಬಹುದು. ಹೆಂಡತಿಯಿಂದ ಒತ್ತಿಸಿದೆ. ಬ್ರೇಕು ಇರುವುದು ಮೋಟರಿನಲ್ಲೇ. ಲಿವರ್ ಒತ್ತಿದರೆ ಬ್ರೇಕೂ ಹೋಗುತ್ತದೆ. ನನಗೆ ಗೊತ್ತಿತ್ತು. ಪೂಜೆಯ ದಿನದ ಸಿಟ್ಟು ಇಳಿದಿರಲಿಲ್ಲ, ಅವಳೊಂದಿಗೆ ಮಾತು ಬಿಟ್ಟಿದ್ದೆ. "ಒತ್ತು", "ತಳ್ಳು" ಎಂದೆನೇ ಹೊರತು ಬ್ರೇಕಿನ ವಿಷಯ ಹೇಳಲಿಲ್ಲ.

ಇಳಿಜಾರಿನ ಅರ್ಧದಲ್ಲಿ ಅವಳಿಗೆ ಏದುಸಿರು ಬಂತು. ಈ ಗಾಡಿ ಬಿಟ್ಟಲ್ಲೇ ನಿಲ್ಲುವುದನ್ನು ದಿನವೂ ನೋಡಿದವಳು. ಸೆರಗು ಸಿಕ್ಕಿಸಿಕೊಳ್ಳಲು ಎರಡೂ ಕೈ ಬಿಟ್ಟಳು. ಗಾಡಿ ಹಿಂದಕ್ಕೆ ಉರುಳಿತು. ಪಕ್ಕಕ್ಕೆ ಸರಿಯಬಹುದಿತ್ತು, ಸರಿಯಲಿಲ್ಲ. ನಾನು ಬೀಳುತ್ತೇನೆಂದು ಮೈಯೊಡ್ಡಿ ನಿಂತಳು. ಕೆಳಗಿನ ಗೋಡೆಗೆ ಹೋಗಿ ಬಡಿದೆವು. ಗಾಡಿಗೂ ಗೋಡೆಗೂ ನಡುವೆ ಅವಳಿದ್ದಳು. ಸೊಂಟದ ಮೂಳೆ ಮುರಿದದ್ದು ನನಗೆ ಕೇಳಿಸಿತು.

ಡಬ್ಬಿ ಒಣಗಿತು. ಗಾಡಿ ಅದೇ ವಾರ ಓಡಿತು. ಅವಳು ಮಾತ್ರ ಕೋಲಿಲ್ಲದೆ ಮತ್ತೆ ನಡೆಯಲಿಲ್ಲ. ಈ ಸಲದ ಪೂಜೆಗೆ ಗಾಡಿಯನ್ನು ನಾನೇ ಒಣಬಟ್ಟೆಯಲ್ಲಿ ಒರೆಸಿದೆ. ಬಂದ ನೆಂಟರು ಹೋದ ವರ್ಷ ಅದು ಕೆಟ್ಟದ್ದು ಹೇಗೆ ಎಂದು ಮತ್ತೆ ಕೇಳಿದರು.

"ನಾನೇ ನೀರು ಹೊಡ್ದೆ, ನಂಗೆಲ್ಲಿ ಗೊತ್ತಾಗುತ್ತೆ" ಎಂದಳು.

ನಾನು ಪಕ್ಕದಲ್ಲೇ ಕೂತಿದ್ದೆ. ಹೊಡಿ ಅಂದವನು ನಾನು ಎನ್ನಲು ಆವತ್ತೂ ನನಗೆ ಬಾಯಿ ಬರಲಿಲ್ಲ.