ಮೀಟರು ಹೇಳಿದ ಮಾತು

ನಮ್ಮ ಮನೆಯವರು ತಕ್ಕಡಿ ರಿಪೇರಿ ಮಾಡುವವರು. ಕಿರಾಣಿ ಅಂಗಡಿ, ಗುಜರಿ ಅಂಗಡಿ, ಹಿಟ್ಟಿನ ಗಿರಣಿ, ಮಕ್ಕಳ ಆಸ್ಪತ್ರೆ, ಎಲ್ಲಿ ಮುಳ್ಳು ಅಡ್ಡಾದಿಡ್ಡಿ ಆಡಿದರೂ ಇವರಿಗೇ ಕರೆ. ಹೋದಲ್ಲೆಲ್ಲ ಚೀಲದಿಂದ ಹಿತ್ತಾಳೆಯ ತೂಕದ ಬಟ್ಟು ತೆಗೆದು ತಕ್ಕಡಿಯ ಮೇಲಿಟ್ಟು, "ಮುಳ್ಳು ಹೇಳ್ತು ಅಂತ ನಂಬಬೇಡಿ. ತಿಂಗಳಿಗೊಂದು ಸಲ ಗೊತ್ತಿರೋ ತೂಕ ಇಟ್ಟು ನೋಡಿ" ಎಂದು ಉಪದೇಶ ಮಾಡಿ ಬರುತ್ತಾರೆ. ಮೂವತ್ತು ವರ್ಷದಿಂದ ಇದೇ ಮಾತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಒಪ್ಪಿಸುತ್ತೇನೆ.

ಈ ಓಡಾಟಕ್ಕೆಂದು ಹನ್ನೊಂದು ವರ್ಷದ ಹಿಂದೆ ಒಂದು ಸ್ಕೂಟರ್ ಕೊಂಡರು. ಚೀನಾದ್ದು. ಅಗ್ಗಕ್ಕೆ ಸಿಕ್ಕಿತು ಎಂದೇ ಕೊಂಡದ್ದು, ಸುಳ್ಳೇಕೆ ಹೇಳಲಿ. ಮಾರಿದ ಅಂಗಡಿ ಎರಡೇ ವರ್ಷಕ್ಕೆ ಬಾಗಿಲು ಹಾಕಿತು, ಈಗ ಅಲ್ಲಿ ಚಪ್ಪಲಿ ಮಾರುತ್ತಾರೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರಗಳನ್ನು ಬಿಟ್ಟರೆ ನಮಗೆ ಏನೂ ತಿಳಿಯಲಿಲ್ಲ. ನನ್ನ ತಮ್ಮ ಅದನ್ನು ಕಂಡಾಗಲೆಲ್ಲ ಮೂಗು ಮುರಿದು, "ಭಾವ, ಇದು ಗಾಡಿನೋ ಆಟದ ಸಾಮಾನೋ?" ಎನ್ನುತ್ತಾನೆ. ಎನ್ನಲಿ. ಅವನ ದೊಡ್ಡ ಗಾಡಿಯ ಮೇಲೆ ನನ್ನನ್ನು ಹತ್ತಿಸಲು ಇವತ್ತಿಗೂ ಅವನಿಂದ ಆಗಿಲ್ಲ.

ನನ್ನ ಎಡ ಮಂಡಿ ಮಡಚುವುದಿಲ್ಲ. ಏಣಿಯಿಂದ ಬಿದ್ದದ್ದು, ಹಳೆಯ ಕಥೆ. ಬಸ್ಸಿನ ಮೊದಲ ಮೆಟ್ಟಿಲೇ ನನಗೆ ಎತ್ತರ. ಈ ಸ್ಕೂಟರಿನ ಸೀಟು ಮಾತ್ರ ತಗ್ಗು. ಮನೆಯ ಕುರ್ಚಿಯಲ್ಲಿ ಕೂತ ಹಾಗೆ ಪಕ್ಕಕ್ಕೆ ಕೂತು ಕಾಲು ಚಾಚಿದರಾಯಿತು. ಹಾಗೆ ಕೂತೇ ದಿನಾ ಬೆಳಿಗ್ಗೆ ಆಸ್ಪತ್ರೆಯ ಬಟ್ಟೆ ಹೊಲಿಯುವ ಶೆಡ್ಡಿಗೆ ಹೋಗುತ್ತೇನೆ. ಅಲ್ಲಿ ಹನ್ನೆರಡು ಹೆಂಗಸರು, ಹನ್ನೆರಡು ಮಿಷನ್ನು, ದಿನವಿಡೀ ಮಾತು. ಆ ಮಾತು ತಪ್ಪಿದರೆ ನನಗೆ ಹುಚ್ಚು ಹಿಡಿಯುತ್ತದೆ. ಸುಮ್ಮನೆ ಹೇಳುತ್ತಿಲ್ಲ, ಬಿದ್ದ ವರ್ಷ ಆರು ತಿಂಗಳು ಮನೆಯ ಗೋಡೆ ನೋಡುತ್ತಾ ಕೂತವಳು ನಾನು.

ಹಾಗಾಗಿ ಈ ಗಾಡಿಯ ಜೀವ ಉಳಿಸಿಕೊಳ್ಳುವುದೇ ನಮಗೆ ಇನ್ನೊಂದು ಸಂಸಾರವಾಯಿತು. ಇದರದೇ ಬಿಡಿಭಾಗ ಎಂಬುದು ಎಲ್ಲೂ ಸಿಗುವುದಿಲ್ಲ. ಬೆಲ್ಟು ಒಂದು ಗಾಡಿಯದು, ಬ್ರೇಕು ಇನ್ನೊಂದರದು, ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿದ್ದು. ಎರಡು ಕನ್ನಡಿಗೆ ಎರಡು ಆಕಾರ. ಮುಂದಿನ ಪ್ಲಾಸ್ಟಿಕ್ಕು ಸೀಳಿದಾಗ ನಾನೇ ದಬ್ಬಣ ಕಾಯಿಸಿ ತೂತು ಮಾಡಿ ತಾಮ್ರದ ತಂತಿಯಲ್ಲಿ ಹೊಲಿದೆ. ನಮ್ಮ ಮೆಕ್ಯಾನಿಕ್‌ಗೆ ಎಲ್ಲರೂ ಗಡ್ಡದಣ್ಣ ಎನ್ನುತ್ತಾರೆ. ಅವನು ಆ ಹೊಲಿಗೆಯನ್ನು ಬಂದವರಿಗೆಲ್ಲ ತೋರಿಸುತ್ತಾನೆ. ಇಂಜಿನ್ನಿನ ಎಣ್ಣೆ ಮಾತ್ರ ನಮ್ಮ ಮನೆಯವರದೇ ಇಲಾಖೆ. ಸಾವಿರ ಕಿಲೋಮೀಟರಿಗೊಮ್ಮೆ, ಮೀಟರಿನ ಅಂಕಿ ನೋಡಿ, ಅಂಗಳದಲ್ಲಿ ಹಳೆ ಬಾಣಲೆ ಇಟ್ಟುಕೊಂಡು ತಾವೇ ಬದಲಾಯಿಸಿ, ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವರು. ಒಂದು ಸಲವೂ ತಪ್ಪಿಸಿದವರಲ್ಲ.

ಹೋದ ವರ್ಷದ ಕೊನೆಯಿಂದ ಇವರು ಸೊರಗತೊಡಗಿದರು. ಸಂಜೆ ಬಂದವರೇ ಚೀಲ ಇಳಿಸಿ, ಶೂ ಕೂಡ ಬಿಚ್ಚದೆ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತುಬಿಡುವರು. ಕೊಟ್ಟ ಚಹಾ ಕೈಯಲ್ಲೇ ಆರಿಹೋಗುವುದು.

"ಏನ್ರೀ, ಮೈ ಹುಷಾರಿಲ್ವಾ?"

"ವಯಸ್ಸಾಯ್ತು ಕಣೇ."

ಒಂದು ಭಾನುವಾರ ನನ್ನನ್ನು ಗಾಡಿಯ ಹತ್ತಿರ ಕರೆದು ಮೀಟರು ತೋರಿಸಿದರು. "ನೋಡು, ಎಣ್ಣೆ ಹಾಕಿ ಆರು ತಿಂಗಳಾಯ್ತು, ಇನ್ನೂ ಏಳ್ನೂರು ಕಿಲೋಮೀಟ್ರೂ ದಾಟಿಲ್ಲ. ಮೊದಲು ತಿಂಗಳಿಗೇ ಸಾವಿರ ಆಗೋದು. ಓಡಾಟ ಇಷ್ಟು ಕಮ್ಮಿಯಾಗಿದೆ, ಆದ್ರೂ ಬೆನ್ನು ಎತ್ತೋಕಾಗಲ್ಲ. ಇನ್ನೇನು ಉಳಿದಿದೆ ನನ್ನಲ್ಲಿ?"

ನನಗೂ ಹೌದೆನ್ನಿಸಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬೆಳಿಗ್ಗೆ ಹೋದವರು ಸಂಜೆ ಬರುತ್ತಾರೆ, ಗಾಡಿ ಓಡಿಲ್ಲ. ಹಾಗಾದರೆ ದಿನವಿಡೀ ಎಲ್ಲಿ ಕೂತಿರುತ್ತಾರೆ? ಒಂದು ದಿನ ಬಾಯಿ ಬಿಟ್ಟು ಕೇಳಿಯೂಬಿಟ್ಟೆ. "ಎಲ್ಲಿ ಕೂರ್ತೀನಿ, ಎಲ್ಲೂ ಇಲ್ಲ" ಎಂದು ಒಳಗೆ ಹೋದರು. ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಕುಡಿಯುತ್ತಿತ್ತು. ಅದಕ್ಕೂ ಇವರ ಹತ್ತಿರ ಉತ್ತರವಿತ್ತು: ಗಾಡಿಗೂ ವಯಸ್ಸಾಯಿತು.

ಕೊನೆಗೊಂದು ದಿನ ಊಟದ ತಟ್ಟೆಯ ಮುಂದೆ ಹೇಳಿದರು. "ಮುಂದಿನ ತಿಂಗಳಿಂದ ನಿಲ್ಲಿಸ್ತೀನಿ. ಗಾಡೀನ ಗುಜರಿಗೆ ಹಾಕೋಣ. ನೀನೂ ಶೆಡ್ಡಲ್ಲಿ ಒಂದು ಮಾತು ಹೇಳ್ಬಿಡು."

ಹೂಂ ಎಂದೆ. ದಣಿದವರ ಹತ್ತಿರ ಏನೆಂದು ಜಗಳವಾಡಲಿ? ಆದರೆ ಶೆಡ್ಡಿನಲ್ಲಿ ಉಸಿರೆತ್ತಲಿಲ್ಲ. ಎರಡು ವಾರ ದಿನಾ ಬೆಳಿಗ್ಗೆ ಇವತ್ತು ಹೇಳಬೇಕು ಎಂದುಕೊಂಡು ಹೋಗುವುದು, ಕತ್ತರಿಸಿಟ್ಟ ಅಂಗಿ ತೋಳುಗಳನ್ನು ಹೊಲಿದು ಮುಗಿಸಿ ಬಾಯಿ ಮುಚ್ಚಿಕೊಂಡು ಬರುವುದು.

ಮೂರನೆಯ ವಾರ ಒಂದು ಬೆಳಿಗ್ಗೆ, ಶೆಡ್ಡಿಗೆ ಹೋಗುವಾಗ ಸೇತುವೆಯ ಏರಿನಲ್ಲಿ ಗಾಡಿ ಕಿರ್ರೆಂದು ನಿಂತುಹೋಯಿತು. ಎಷ್ಟು ಒದ್ದರೂ ಕಿಕ್ಕರ್ ಇಳಿಯಲಿಲ್ಲ. ನಾನು ನಡೆಯಲಾರೆ, ಇವರು ಬಿಟ್ಟುಹೋಗಲಾರರು. ನನ್ನನ್ನು ಕೂರಿಸಿಕೊಂಡೇ ಗಡ್ಡದಣ್ಣನ ಗ್ಯಾರೇಜಿನವರೆಗೆ ತಳ್ಳಿದರು. ಅವರ ಏದುಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಆ ದಾರಿಯಲ್ಲಿ ನಾನು ಒಳಗೊಳಗೇ ಅತ್ತೆ. ಶೆಡ್ಡಿಗೆ ಇನ್ನು ಹೇಳುವ ಅಗತ್ಯವೂ ಇಲ್ಲ, ತಾನಾಗಿಯೇ ಮುಗಿಯಿತು ಎಂದುಕೊಂಡೆ.

ಗಡ್ಡದಣ್ಣ ಇಂಜಿನ್ನಿನ ಕೆಳಗಿನ ತಿರುಪು ಬಿಚ್ಚಿದ. ಡಾಂಬರಿನಂಥದ್ದು ನಾಲ್ಕು ಹನಿ ಬಿತ್ತು.

"ಏನ್ ಸಾರ್, ಎಣ್ಣೆ ಬದಲಾಯಿಸೋದೇ ಬಿಟ್ಬಿಟ್ರಾ?"

ಇವರಿಗೆ ಸಿಟ್ಟು ಬಂತು. ಜೇಬಿನ ಪುಸ್ತಕ ತೆಗೆದು ಅವನ ಮುಖಕ್ಕೆ ಹಿಡಿದರು. "ಇನ್ನೂ ಸಾವಿರ ಆಗಿಲ್ಲಪ್ಪ! ಮೀಟರ್ ನೋಡ್ಕೋ ಬೇಕಾದ್ರೆ."

ಅವನು ಪುಸ್ತಕ ನೋಡಿದ, ಮೀಟರು ನೋಡಿದ. ಮುಂದಿನ ಚಕ್ರದಿಂದ ಮೀಟರಿನ ಕೇಬಲ್ ಕಿತ್ತು, ಅದರ ತುದಿಗೆ ಡ್ರಿಲ್ ಮಿಷನ್ ಸಿಕ್ಕಿಸಿ ತಿರುಗಿಸಿದ. ವೇಗದ ಮುಳ್ಳು ಸರ್ರನೆ ನಲವತ್ತಕ್ಕೆ ಏರಿತು. ಕಿಲೋಮೀಟರಿನ ಅಂಕಿ ಅಲ್ಲಾಡಲಿಲ್ಲ. ತಿರುಗಿಸುತ್ತಲೇ ಇದ್ದ. ಎಷ್ಟೋ ಹೊತ್ತಿನ ಮೇಲೆ ಒಂದು ಅಂಕಿ ಒಂದು ಮನೆ ಜರುಗಿ ಮತ್ತೆ ನಿಂತಿತು.

"ಒಳಗೆ ಅಂಕಿ ತಿರುಗಿಸೋ ಹಲ್ಲು ಸವೆದುಹೋಗಿದೆ ಸಾರ್. ಹತ್ತು ಸಲಕ್ಕೆ ಒಂದ್ಸಲ ಹಿಡೀತಿದೆ ಅಷ್ಟೆ. ಏಳೆಂಟು ಸಾವಿರ ಕಿಲೋಮೀಟ್ರು ಓಡ್ಸಿದ್ದೀರಿ ನೀವು."

ನನ್ನ ಬಾಯಿ ಸುಮ್ಮನಿರಲಿಲ್ಲ. "ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ಮುಳ್ಳು ನಂಬಬೇಡಿ, ಗೊತ್ತಿರೋ ತೂಕ ಇಟ್ಟು ನೋಡಿ ಅಂತ. ಮನೆಯಿಂದ ಶೆಡ್ಡಿಗೆ ನಾಲ್ಕು ಕಿಲೋಮೀಟ್ರು ಅಂತ ಗೊತ್ತಿತ್ತಲ್ಲ, ಒಂದು ದಿನ ನೋಡ್ಬಾರ್ದಾಗಿತ್ತಾ?"

ಹೇಳಿ ನಾಲಿಗೆ ಕಚ್ಚಿಕೊಂಡೆ. ಆ ದಾರಿಯಲ್ಲಿ ನಾನೂ ದಿನಾ ಕೂತು ಹೋದವಳೇ. ಇವರ ಮುಖ ದಿನಾ ನೋಡಿದವಳೇ. ಮೀಟರು ಹೇಳಿದ್ದನ್ನು ನಾನೂ ನಂಬಿದೆ, ಇವರ ಬೆನ್ನು ಹೇಳಿದ್ದನ್ನು ನಂಬಲಿಲ್ಲ.

ಇವರು ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಏಳೆಂಟು ಸಾವಿರ?" ಎಂದು ಮತ್ತೊಮ್ಮೆ ಕೇಳಿದರು.

"ಕಮ್ಮಿ ಅಂದ್ರೆ. ಇಷ್ಟು ದಿನ ತಡ್ಕೊಂಡಿದ್ದೇ ಹೆಚ್ಚು" ಎಂದು ಗಡ್ಡದಣ್ಣ ಕೈ ಒರೆಸಿಕೊಂಡ. "ಹೋದ ವಾರ ಇದರ ಜೋಡಿ ಒಂದು ಗುಜರಿಗೆ ಅಂತ ಬಂದು ಹಿಂದುಗಡೆ ಬಿದ್ದಿದೆ ಸಾರ್, ಇಂಜಿನ್ ಚೆನ್ನಾಗಿದೆ. ತೆಗೆದು ಕೂರಿಸ್ಲಾ, ಇಲ್ಲ ಎರಡನ್ನೂ ಗುಜರಿಗೆ ಕಳಿಸ್ಲಾ?"

ಇವರು ನನ್ನ ಕಡೆ ತಿರುಗಿದರು.

"ಶೆಡ್ಡಲ್ಲಿ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ." ಆಮೇಲೆ ಅವನಿಗೆ, "ಕೂರಿಸಪ್ಪ" ಎಂದರು.

ಗೋಡೆ ಪಕ್ಕದ ಹಳೆ ಟೈರುಗಳ ಮೇಲೆ ಹೋಗಿ ಕೂತು, ಶೂ ಬಿಚ್ಚಿ, ಕಾಲು ಚೆಲ್ಲಿದರು. "ಸುಸ್ತಾಗಿದೆ ಕಣೇ" ಎಂದರು. ಇಷ್ಟು ತಿಂಗಳು ವಯಸ್ಸಾಯ್ತು ಎನ್ನುತ್ತಿದ್ದವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಗಡ್ಡದಣ್ಣನ ಸುತ್ತಿಗೆಯ ಸದ್ದಿನ ನಡುವೆಯೇ ಅವರ ತಲೆ ಗೋಡೆಗೆ ವಾಲಿತು, ಬಾಯಿ ತುಸು ತೆರೆಯಿತು. ಬೆಳಗಿನ ಹತ್ತು ಗಂಟೆ. ನಾನು ಶೆಡ್ಡಿಗೆ ಫೋನು ಮಾಡಿದೆ. ಇವತ್ತು ತಡವಾಗುತ್ತದೆ, ನನ್ನ ಮಿಷನ್ನು ಯಾರಿಗೂ ಕೊಡಬೇಡಿ ಎಂದು ಸಣ್ಣ ದನಿಯಲ್ಲಿ ಹೇಳಿದೆ.