ಬೆಳಿಗ್ಗೆ ಹತ್ತು ಗಂಟೆಯ ಕಾಲು

ನನ್ನ ಸೋದರಮಾವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಬೇಕೆಂದಿರುವವರು ಇದನ್ನು ಓದುವುದು ಬೇಡ. ಅಂಥ ಮಾತು ಹೇಳುವವರು ಬೆಳ್ತಂಗಡಿ ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದರು. ಮಾವ ತೀರಿಕೊಂಡು ಬಹಳ ವರ್ಷವಾಯಿತು, ನನ್ನ ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ. ‘ಇನ್ನಾದರೂ ಮರೆತುಬಿಡು’ ಎಂದು ಬುದ್ಧಿ ಹೇಳಲು ಬರುವವರಿಗೆ ನಾನು ಚಹಾ ಮಾಡಿ ಕೊಡುತ್ತೇನೆ. ಮರೆಯುವುದಿಲ್ಲ.

ಐವತ್ತರ ದಶಕದ ನಡುವೆ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ನನ್ನ ಬಲಗಾಲು ಹಟ ಹಿಡಿಯಲು ಶುರುಮಾಡಿತು. ಬೆಳಿಗ್ಗೆ ಏನೂ ಇಲ್ಲ. ಓಡುತ್ತಿದ್ದೆ, ಕಟ್ಟೆಯಿಂದ ಹಾರುತ್ತಿದ್ದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಪಾದ ಭಾರವಾಗುತ್ತಿತ್ತು. ಶಾಲೆ ಬಿಡುವ ಹೊತ್ತಿಗೆ ಅದು ಒಳಗೆ ತಿರುಗಿ, ಹಿಮ್ಮಡಿ ಮೇಲೆದ್ದು, ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ದೀಪ ಹಚ್ಚುವಾಗ ಗೋಡೆ ಹಿಡಿಯದೆ ನಡೆಯಲು ಆಗುತ್ತಿರಲಿಲ್ಲ. ರಾತ್ರಿ ನಿದ್ದೆಯಾಯಿತೆಂದರೆ ಬೆಳಿಗ್ಗೆ ಮತ್ತೆ ಹೊಸ ಕಾಲು.

ಅಪ್ಪ ಇರಲಿಲ್ಲ. ಅಮ್ಮನೂ ನಾನೂ ಮಾವನ ಮನೆಯಲ್ಲಿದ್ದೆವು. ಬಸ್ಸು ನಿಲ್ಲುವ ಕಡೆ ಎದುರಿಗೆ ಮಾವನ ಹೊಟೇಲು, ಅದರ ಹಿಂದೆಯೇ ಮನೆ. ಧರ್ಮಸ್ಥಳಕ್ಕೆ ಹೋಗುವವರು ಬೆಳಗಾಗುವ ಮೊದಲೇ ಬಂದು ದೋಸೆ, ಇಡ್ಲಿ ಕೇಳುತ್ತಿದ್ದರು. ಅವರಿಗಾಗಿ ಹಿಂದಿನ ಸಂಜೆಯೇ ರುಬ್ಬುವ ಕಲ್ಲಿನಲ್ಲಿ ಅಕ್ಕಿ ಕಡೆದಿಡಬೇಕು. ಕಡೆಯುವುದು ಅಮ್ಮನ ಮತ್ತು ನನ್ನ ಪಾಲಿನ ಕೆಲಸ. ನನ್ನ ಪಾದ ತಿರುಗುತ್ತಿದ್ದದ್ದು ಸರಿಯಾಗಿ ಆ ಕಲ್ಲಿನ ಮುಂದೆ ಕೂರುವ ಹೊತ್ತಿಗೆ. ಮಾವನಿಗೆ ಅನುಮಾನ ಬರಲು ಇನ್ನೇನು ಬೇಕು?

ಅನುಮಾನ ಪರಿಹರಿಸಿಕೊಳ್ಳಲು ನನ್ನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದರು. ಮೊದಲ ಬಸ್ಸಿನಲ್ಲಿ ಹೊರಟು ಹತ್ತು ಗಂಟೆಗೆ ಡಾಕ್ಟರರ ಮುಂದೆ ನಿಂತೆವು. ಡಾಕ್ಟರು ನಡೆ ಎಂದರು, ನಡೆದೆ. ಓಡು ಎಂದರು, ಓಡಿದೆ. ಮೊಣಕಾಲಿಗೆ ಸುತ್ತಿಗೆಯಿಂದ ಬಡಿದು ನೋಡಿದರು. ಸಂಜೆಯ ಮಾತು ಹೇಳಲು ನಾನು ಬಾಯಿ ತೆರೆದಾಗ ಕೈಯೆತ್ತಿ ತಡೆದರು.

“ಹುಡುಗಿಗೆ ಏನೂ ಇಲ್ಲ. ಇದು ನಾಟಕ. ಕೆಲಸ ಮಾಡ್ಲಿಕ್ಕೆ ಉದಾಸೀನ, ಅಷ್ಟೆ,” ಎಂದರು ಮಾವನಿಗೆ. “ನರ ಸ್ವಲ್ಪ ತಣ್ಣಗಾಗಲಿ. ಒಂದು ಮದ್ದು ಬರೆದು ಕೊಡ್ತೇನೆ.”

ಮನೆಯಲ್ಲಿ ನಮ್ಮದು ತುಳು. ಡಾಕ್ಟರು ಕನ್ನಡದಲ್ಲಿ ಹೇಳಿದ ‘ನಾಟಕ’ ಎಂಬ ಆ ಒಂದು ಪದವನ್ನು ಮಾವ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದರು. ಅವತ್ತಿನಿಂದ ಮನೆಯಲ್ಲಿ ನನ್ನ ಕಾಲಿಗೆ ಅದೇ ಹೆಸರು. ಹೊಟೇಲಿನ ಮಾಣಿಗಳೂ ಹಾಗೆಯೇ ಕರೆದರು.

ಮದ್ದು ಉಪ್ಪುಪ್ಪಾಗಿತ್ತು. ಬಾಟಲಿಯ ಹೊರಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿತ್ತು, ಒಂದೊಂದು ಹಲ್ಲಿಗೆ ಒಂದೊಂದು ಗುಟುಕು. ನರ ತಣ್ಣಗಾಯಿತೋ ಇಲ್ಲವೋ, ನಾನು ಮಾತ್ರ ಪೂರ್ತಿ ತಣ್ಣಗಾದೆ. ಕ್ಲಾಸಿನಲ್ಲಿ ಬೆಂಚಿಗೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದೆ. ಬಾಯಿಪಾಠವಾಗಿದ್ದ ಮಗ್ಗಿ ಮರೆತುಹೋಯಿತು. ಮುಖದ ತುಂಬ ಗುಳ್ಳೆ ಎದ್ದಿತು. ಸಂಜೆ ಪಾದ ಮಾತ್ರ ಮೊದಲಿನಂತೆಯೇ ತಿರುಗಿತು. ಬಾಟಲಿ ಮುಗಿದಾಗ ಮಾವ ಇನ್ನೊಂದು ತರಿಸಿದರು. ಮದ್ದಿನಿಂದ ನಾನು ಕೆಟ್ಟೆ ಎಂದು ಅಮ್ಮ ಅತ್ತರೆ, “ಬಂಟ್ವಾಳದ ಡಾಕ್ಟರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ?” ಎಂದು ಬಾಯಿ ಮುಚ್ಚಿಸಿದರು. ಒಂದು ದಿನ ಅಮ್ಮ ಆ ಬಾಟಲಿಯನ್ನು ಬಚ್ಚಲಿನಲ್ಲಿ ಖಾಲಿ ಮಾಡಿ, ಕೈಜಾರಿ ಬಿತ್ತು ಎಂದರು. ಅಮ್ಮ ಜೀವನದಲ್ಲಿ ಹೇಳಿದ ಸುಳ್ಳುಗಳಲ್ಲಿ ನನಗೆ ಅತ್ಯಂತ ಪ್ರೀತಿಯದ್ದು ಅದು.

ಎಂಟನೇ ಕ್ಲಾಸು ಮುಗಿಸಿ ನಾನು ಮನೆಯಲ್ಲಿ ಕೂತ ಮೇಲೆ ಅಮ್ಮ ನನ್ನನ್ನು ಮೂಡಬಿದ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಹೊಸ ಡಾಕ್ಟರು ಬಂದಿದ್ದಾರೆಂದು ಯಾರೋ ಹೇಳಿದ್ದರು. ಮಾವನಿಗೆ ಹೇಳಿದ್ದು ಬಸದಿ ನೋಡಿ ಬರುತ್ತೇವೆ ಎಂದು. ಬೆಳಿಗ್ಗೆ ಹೊರಟ ಬಸ್ಸು ವೇಣೂರು ದಾಟಿದ ಮೇಲೆ ಕೆಟ್ಟು ನಿಂತಿತು. ಎಲ್ಲರೂ ಡ್ರೈವರನಿಗೆ ಬೈದರು. ಅವನಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಯಾಕೆಂದರೆ ನಾವು ಮೂಡಬಿದ್ರೆಗೆ ಮುಟ್ಟುವಾಗ ಸಂಜೆಯಾಗಿತ್ತು. ನಾನು ಗೋಡೆ ಹಿಡಿದುಕೊಂಡೇ ಡಾಕ್ಟರರ ಕೋಣೆಗೆ ಹೋದೆ. ನನ್ನ ಕಾಲನ್ನು ಸಂಜೆ ಹೊತ್ತಿನಲ್ಲಿ ಕಂಡ ಮೊದಲ ಡಾಕ್ಟರು ಅವರು.

ಅವರು ನೆಲದಲ್ಲೇ ಕೂತು ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡಲು ನೋಡಿದರು. ಬಿಟ್ಟ ಕೂಡಲೇ ಅದು ಮತ್ತೆ ತಿರುಗಿತು. ಮತ್ತೆ ಹಿಡಿದರು.

“ಇದು ಎಂಥದ್ದು ಅಂತ ನನಗೆ ಗೊತ್ತಾಗುವುದಿಲ್ಲ ಅಮ್ಮ,” ಎಂದರು. “ಪುಸ್ತಕದಲ್ಲಿ ಹುಡುಕ್ತೇನೆ. ಆದ್ರೆ ಒಂದು ಹೇಳ್ತೇನೆ. ಬೇಕೂಂತ ಹೀಗೆ ಹಿಡ್ಕೊಳ್ಳಲಿಕ್ಕೆ ಯಾರಿಂದಲೂ ಸಾಧ್ಯ ಇಲ್ಲ.”

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಡಾಕ್ಟರರು ಪುಸ್ತಕದಲ್ಲಿ ಹುಡುಕಿದರೋ ಇಲ್ಲವೋ, ಹೆಸರು ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಆದರೆ ಚಿಕ್ಕ ಬಿಳಿ ಮಾತ್ರೆ ಕೊಟ್ಟರು. ಮೊದಲು ಅರ್ಧ, ಒಂದು ವಾರ ಕಳೆದು ಒಂದು, ಬೆಳಿಗ್ಗೆಯೂ ಮಧ್ಯಾಹ್ನವೂ. ಕಾಲು ಸ್ವಲ್ಪ ಸಡಿಲವಾಯಿತು. ಗೋಡೆ ಬೇಡವಾಯಿತು. ಬದಲಿಗೆ ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟುತ್ತಿತ್ತು, ಹೊಟ್ಟೆ ಕಟ್ಟುತ್ತಿತ್ತು, ಹತ್ತಿರದ ಅಕ್ಷರವೆಲ್ಲ ನೀರಲ್ಲಿ ನೆನೆದಂತೆ ಕಲಸಿಹೋಗುತ್ತಿತ್ತು. ಓದಲು ಆಗುವುದಿಲ್ಲ ಎಂದು ಅತ್ತಾಗ ಆ ಡಾಕ್ಟರರು ಕೇಳಿದರು: ಬೆಳಿಗ್ಗೆ ಹೇಗೂ ಕಾಲು ಚೆನ್ನಾಗಿರುವಾಗ ಮಾತ್ರೆ ಯಾಕೆ? ಊಟವಾದ ಮೇಲೆ ಒಂದು ತೆಗೆದುಕೊಂಡರೆ ಸಾಲದೇ? ಸಾಕಾಯಿತು. ಬೆಳಿಗ್ಗೆ ಕಣ್ಣು ನನ್ನದು, ಸಂಜೆ ಕಾಲು ನನ್ನದು. ಅಷ್ಟು ಸಿಕ್ಕಿದ್ದೇ ನನಗೆ ಹಬ್ಬ.

ವಿಷಯ ಮಾವನ ಕಿವಿಗೆ ಬಿತ್ತು. “ಓಹೋ, ಮೂಡಬಿದ್ರೆಯ ನಾಟಕ ಕಂಪೆನಿಯ ಮಾತ್ರೆಯೋ?” ಎಂದು ಬಾಟಲಿ ಕಸಿದುಕೊಂಡು ಹೊಟೇಲಿನ ಗಲ್ಲಾಪೆಟ್ಟಿಗೆಯೊಳಗೆ ಹಾಕಿ ಬೀಗ ಹಾಕಿದರು. ಬೀಗ ತೆಗೆಯುತ್ತಿದ್ದದ್ದು ಬೆಳಿಗ್ಗೆ, ವ್ಯಾಪಾರಕ್ಕೆ ಕೂರುವಾಗ. ಮಾತ್ರೆ ಕೊಡುತ್ತಿದ್ದದ್ದೂ ಆಗಲೇ. ಮಧ್ಯಾಹ್ನಕ್ಕೆ ಎಂದು ಡಾಕ್ಟರು ಹೇಳಿದ್ದಾರೆ ಎಂದರೆ, “ಮದ್ದು ಅಂದ್ರೆ ಬೆಳಿಗ್ಗೆ ತಗೊಳ್ಳುವುದು. ನನಗೆ ಕಲಿಸ್ಲಿಕ್ಕೆ ಬರ್ತೀಯಾ?” ಎನ್ನುತ್ತಿದ್ದರು. ನಾನು ಮಾತ್ರೆಯನ್ನು ಕೆನ್ನೆಯ ಸಂದಿಯಲ್ಲಿಟ್ಟು ನೀರು ಕುಡಿದಂತೆ ಮಾಡಿ, ಹಿಂದೆ ಬಂದು ತೆಗೆದು, ಒರೆಸಿ, ಲಂಗದ ಅಂಚಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ನಾಟಕ ಮಾಡಲು ನಿಜವಾಗಿ ಕಲಿತದ್ದು ಆಗಲೇ, ಕಲಿಸಿದ್ದು ಮಾವ.

ಸಿಟ್ಟು ಬಂದ ದಿನ ಅವರು ಮಾತ್ರೆ ಕೊಡುತ್ತಿರಲಿಲ್ಲ. ಹಿಟ್ಟು ತರಿಯಾಗಿತ್ತೆಂದು ಒಂದು ಸಲ ನಾಲ್ಕೈದು ದಿನ ಸತಾಯಿಸಿದರು. ಒಮ್ಮೆಲೇ ನಿಲ್ಲಿಸಬಾರದೆಂದು ಡಾಕ್ಟರರು ಅಷ್ಟು ಹೇಳಿದ್ದರು. ಮೈ ಬೆವರಿ, ವಾಂತಿಯಾಗಿ, ಕಾಲು ಮೊದಲಿಗಿಂತ ಹೆಚ್ಚು ಸೆಟೆದು, ನಾನು ಬಚ್ಚಲಿಗೆ ತೆವಳಿಕೊಂಡು ಹೋದೆ. ಎದುರಿಗೆ ಬಂದ ಮಾವ ನಿಲ್ಲದೆ ದಾಟಿಕೊಂಡು ಹೋದರು. ನನ್ನ ಮೈಮೇಲಿಂದಲೇ ದಾಟಿದರು. ಅವರು ಸತ್ತಾಗ ನನಗೆ ನೆನಪಾದದ್ದು ಆ ದಾಟು.

ನನಗೆ ಹದಿನೆಂಟಾದಾಗ ಬಂಟ್ವಾಳದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಮಾಸ್ತರ, ಓದು ಬಲ್ಲ ಹುಡುಗಿ ಬೇಕಂತೆ. ಮನೆತನ ದೊಡ್ಡದು, ಮಾವನಿಗೆ ಎಲ್ಲಿಲ್ಲದ ಉತ್ಸಾಹ. ಹುಡುಗನ ಕಡೆಯವರು ಸಂಜೆ ನಾಲ್ಕಕ್ಕೆ ಬರುತ್ತೇವೆಂದು ಹೇಳಿಕಳುಹಿಸಿದರು. ಮಾವ ಒಪ್ಪಲಿಲ್ಲ.

“ಬೆಳಿಗ್ಗೆ ಹತ್ತು ಗಂಟೆಗೇ ಬರ್ಲಿ. ಹತ್ತಕ್ಕೆ ಒಳ್ಳೆಯದು,” ಎಂದರು ಅಮ್ಮನಿಗೆ.

ನಾನು ಅಡುಗೆಮನೆಯಲ್ಲಿ ಈ ಮಾತು ಕೇಳಿಸಿಕೊಂಡೆ. ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಹತ್ತು ಗಂಟೆ ಯಾಕೆ? ನನ್ನದು ನಾಟಕವಾದರೆ ನಾಲ್ಕು ಗಂಟೆಗೆ ಹೆದರಿಕೆ ಯಾಕೆ? ಅಂದರೆ ಈ ಮನುಷ್ಯನಿಗೆ ಗೊತ್ತು. ಇಷ್ಟು ವರ್ಷ ಗೊತ್ತಿತ್ತು. ಗೊತ್ತಿದ್ದೂ ಕಲ್ಲಿನ ಮುಂದೆ ಕೂರಿಸಿದರು, ಗೊತ್ತಿದ್ದೂ ಮಾತ್ರೆಗೆ ಬೀಗ ಹಾಕಿದರು. ತಪ್ಪು ತಿಳಿದುಕೊಂಡಿದ್ದಾರೆ ಎಂದುಕೊಂಡು ಇಷ್ಟು ದಿನ ನಾನು ಅವರನ್ನು ಸ್ವಲ್ಪವಾದರೂ ಸಹಿಸಿದ್ದೆ. ಆ ಕ್ಷಣ ಅದೂ ಮುಗಿಯಿತು. ಅವರ ಬಾಯಿಯಿಂದಲೇ, ನಾಲ್ಕು ಜನರ ಎದುರು, ಇದು ಕಾಯಿಲೆ ಎಂದು ಹೇಳಿಸಬೇಕು ಎಂದು ಹಲ್ಲು ಕಚ್ಚಿ ನಿಶ್ಚಯ ಮಾಡಿದೆ. ಹೇಗೆ ಎಂದು ಗೊತ್ತಿರಲಿಲ್ಲ. ದಾರಿಯನ್ನು ಮಾವನೇ ತೋರಿಸಿದರು.

ಹುಡುಗನ ಕಡೆಯವರು ಬರುವ ದಿನ ಬೆಳಿಗ್ಗೆ ಅವರು ಗಲ್ಲಾಪೆಟ್ಟಿಗೆ ತೆರೆದು ನನ್ನ ಅಂಗೈಗೆ ಮೂರು ಮಾತ್ರೆ ಹಾಕಿದರು. “ಒಟ್ಟಿಗೆ ನುಂಗು. ಇವತ್ತು ಕಾಲಿನ ರಗಳೆ ಬೇಡ.”

“ಬೆಳಿಗ್ಗೆ ಬೇಡ ಅಣ್ಣ, ಅವಳ ಕಣ್ಣು...” ಎಂದರು ಅಮ್ಮ.

“ನೀನು ಸುಮ್ಮನಿರು ಮಾರಾಯ್ತಿ.”

ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೆನ್ನೆಯ ಸಂದಿಯಲ್ಲಿಡಲಿಲ್ಲ. ಮೂರನ್ನೂ ಬಾಯಿಗೆ ಹಾಕಿ, ನೀರು ಕುಡಿದು, ಬಾಯಿ ತೆರೆದು ತೋರಿಸಿದೆ. ಮಾವ ತಲೆಯಾಡಿಸಿದರು. ನನ್ನನ್ನು ಮೆಚ್ಚಿ ಅವರು ತಲೆಯಾಡಿಸಿದ್ದು ಅದೊಂದೇ ಸಲ.

ಹತ್ತಕ್ಕೆ ಹುಡುಗ, ಅವನ ತಾಯಿ, ಇನ್ನಿಬ್ಬರು ಬಂದರು. ನಾನು ಸಜ್ಜಿಗೆ, ಬಾಳೆಹಣ್ಣು ತಂದಿಟ್ಟೆ. ಬಾಗಿಲಿನಿಂದ ಬರುವ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು, ನಾಲಗೆ ಮರದ ತುಂಡಾಗಿತ್ತು. ತಾಯಿ ಜಗಲಿಯಲ್ಲಿದ್ದ ಪೇಪರು ತೆಗೆದು ನನ್ನ ಕೈಗೆ ಕೊಟ್ಟರು.

“ಎರಡು ಸಾಲು ಓದು ನೋಡುವ, ಮಗಾ.”

ಪೇಪರು ಹತ್ತಿರ ಹಿಡಿದೆ, ದೂರ ಹಿಡಿದೆ. ಬೂದು ಬಣ್ಣ ಬಿಟ್ಟರೆ ಏನಿಲ್ಲ. “ಕಾಣುವುದಿಲ್ಲ,” ಎಂದೆ.

“ಎಂಥ ಕಾಣುವುದಿಲ್ಲ?”

“ಅಕ್ಷರ.”

ಅವರು ಮಾವನ ಕಡೆ ತಿರುಗಿದರು. “ಎಂಟನೇವರೆಗೆ ಓದಿದ್ದಾಳೆ ಅಂತ ಹೇಳಿದ್ರಲ್ಲ? ಇದೆಂಥದು?”

“ಓದ್ತಾಳೆ, ಚೆಂದ ಓದ್ತಾಳೆ,” ಮಾವ ಗಡಿಬಿಡಿಯಾದರು. “ಇವತ್ತು ಮದ್ದು ತಗೊಂಡಿದ್ದಾಳೆ. ಹಾಗಾಗಿ ಕಣ್ಣು ಸ್ವಲ್ಪ ಮಂಜು.”

“ಮದ್ದಾ? ಯಾವ ಕಾಯಿಲೆಗೆ?”

ಮಾವ ಬಾಳೆಹಣ್ಣಿನ ತಟ್ಟೆಯನ್ನು ಅವರ ಮುಂದೆ ಸರಿಸಿದರು. ನಾನು ಒಣಗಿದ ನಾಲಗೆಯನ್ನು ಎಬ್ಬಿಸಿ ಕೇಳಿದೆ: “ಯಾವ ಮದ್ದು ಮಾವ? ನನಗೆ ಏನೂ ಕಾಯಿಲೆ ಇಲ್ಲ ಅಂತ ನೀವೇ ಹೇಳುವುದಲ್ವಾ?”

ಅವರು ನನ್ನನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮನಸ್ಸಿನಲ್ಲಿ ತೆಗೆದು ತೆಗೆದು ನೋಡುತ್ತೇನೆ. ಹೊಟ್ಟೆ ತಣ್ಣಗಾಗುತ್ತದೆ. ನಾನು ಕುರುಡಿ ಎನ್ನಿಸಿಕೊಳ್ಳಲಿ ಎಂದು ಅವರು ಬಿಡಬೇಕು, ಇಲ್ಲವೇ ಕಾಯಿಲೆ ಉಂಟೆಂದು ಬಾಯಿಬಿಡಬೇಕು.

“ಕಾಲಿಗೆ,” ಎಂದರು ಕೊನೆಗೆ. “ಸಂಜೆಗೆ ಅವಳ ಪಾದ ತಿರುಗ್ತದೆ. ಕಾಯಿಲೆ ಉಂಟು. ಅದಕ್ಕೆ ಮಾತ್ರೆ ಕೊಡುವುದು.”

“ಕಾಲಿಗೆ ಮದ್ದು ತಗೊಂಡ್ರೆ ಕಣ್ಣು ಹೋಗ್ತದಾ? ಎಲ್ಲಿ, ನಡಿ ನೋಡುವ,” ಎಂದರು ಹುಡುಗನ ತಾಯಿ.

ನಾನು ಎದ್ದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದೆ. ತಿರುಗಿ ಬಂದೆ. ಎಷ್ಟು ಚೆಂದ ನಡೆದೆನೆಂದರೆ, ಬಂಟ್ವಾಳದ ಡಾಕ್ಟರರು ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು. ಬೆಳಿಗ್ಗೆ ಹತ್ತು ಗಂಟೆಯ ಕಾಲು ಅದು.

“ಕಾಲು ಸರಿಯೇ ಉಂಟಲ್ಲ! ಓದು ಬಾರದ್ದನ್ನು ಮುಚ್ಚಲಿಕ್ಕೆ ಎಂಥ ನಾಟಕ ಇದು ನಿಮ್ಮದು?” ಎಂದು ಅವರು ಎದ್ದೇಬಿಟ್ಟರು.

“ನಾಟಕ ಅಲ್ಲ ಅಕ್ಕ! ಸತ್ಯವಾಗಿಯೂ ಉಂಟು. ಧರ್ಮಸ್ಥಳಕ್ಕೆ ಬಂದು ಆಣೆ ಬೇಕಾದ್ರೂ ಇಡ್ತೇನೆ. ಸಂಜೆವರೆಗೆ ಇರಿ, ನೀವೇ ನೋಡ್ತೀರಿ,” ಎನ್ನುತ್ತ ಮಾವ ಅವರ ಹಿಂದೆ ಅಂಗಳಕ್ಕೆ ಇಳಿದರು. ನಮ್ಮೂರಲ್ಲಿ ಆಣೆಯ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಆದರೂ ಅವರು ನಂಬಲಿಲ್ಲ. ಬಸ್ಸಿನ ಮೆಟ್ಟಿಲವರೆಗೂ ಹೋಗಿ ಮಾವ ಕೈಮುಗಿದು ಹೇಳುತ್ತಿದ್ದದ್ದನ್ನು ನಾನು ಹೊಟೇಲಿನ ಕಿಟಕಿಯಿಂದ ನೋಡಿದೆ. ನಿಜ ಹೇಳುವುದು, ನಿಜವನ್ನು ಯಾರೂ ನಂಬದಿರುವುದು, ಹೇಗಿರುತ್ತದೆಂದು ಮಾವನಿಗೆ ಅಷ್ಟು ಹೊತ್ತಾದರೂ ಗೊತ್ತಾಯಿತು. ನನಗೆ ವರ್ಷಗಟ್ಟಲೆ ಗೊತ್ತಿತ್ತು. ಸಂಬಂಧ ತಪ್ಪಿದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಸಂಜೆ ಮಾಮೂಲಿನಂತೆ ಅಕ್ಕಿ ಕಡೆಯಲು ಕೂತೆ. ಬೆಳಗಿನ ಮಾತ್ರೆಗಳ ಶಕ್ತಿ ಇಳಿದಿತ್ತು, ಪಾದ ಪೂರ್ತಿ ತಿರುಗಿತ್ತು. ಮಾವ ಹಿಂದಿನ ಬಾಗಿಲಿನಿಂದ ಬಂದರು. ಮಾತ್ರೆಯ ಬಾಟಲಿಯನ್ನು ನನ್ನ ಪಕ್ಕದಲ್ಲಿಟ್ಟು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ತುಂಬ ಹೊತ್ತು ನನ್ನ ಪಾದವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

“ನೋವುಂಟಾ ಮಗಾ?”

ಐದನೇ ಕ್ಲಾಸಿನಿಂದ ನಾನು ಕಾದದ್ದು ಆ ಒಂದು ಪ್ರಶ್ನೆಗೆ. ಯಾವತ್ತಾದರೂ ಅವರು ಕೇಳಿದರೆ ಹೇಗೆ ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಬಾಟಲಿ ತೆಗೆದು ಮಡಿಲಲ್ಲಿ ಹಾಕಿಕೊಂಡೆ. ಕಲ್ಲು ತಿರುಗಿಸುತ್ತಾ ಹೋದೆ. ಅವರು ಉತ್ತರಕ್ಕಾಗಿ ಕೂತೇ ಇದ್ದರು, ನಾನು ತಲೆ ಎತ್ತಲಿಲ್ಲ.

ನೋವು ಇತ್ತು. ಬೆರಳಿನ ತುದಿಯಿಂದ ತೊಡೆಯವರೆಗೆ ಇತ್ತು. ಅವರು ಸಾಯುವವರೆಗೂ ನಾನು ಅದನ್ನು ಅವರಿಗೆ ಹೇಳಲಿಲ್ಲ.